ಊಳಿಗದಿಂದ ಭರವಸೆಯವರೆಗೆ

1661ರಲ್ಲಿ ಐಸಾಕ್ ನ್ಯೂಟನ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ್ದು ‘ಸಬ್‌ಸೈಜರ್’ ಆಗಿ. ಅಂದರೆ, ಖರ್ಚಿನ ರಿಯಾಯಿತಿಗಾಗಿ ಊಳಿಗ ಮಾಡುವ ವಿದ್ಯಾರ್ಥಿ. ಇಂಥವರು ಅಧ್ಯಾಪಕರಿಗೂ ಸಿರಿವಂತ ಸಹಪಾಠಿಗಳಿಗೂ ಊಟ ಬಡಿಸಿ, ಅವರು ಉಂಡು ಮಿಕ್ಕಿದ್ದನ್ನು ಉಣ್ಣುವುದು ಆಗಿನ ರೂಢಿ. ಓದು ಸಿಗುತ್ತಿತ್ತು, ಆದರೆ ತಲೆ ತಗ್ಗಿಸಿದವರಿಗೆ ಮಾತ್ರ.

ಅದಕ್ಕೂ ಮುಂಚೆ, 1643ರಲ್ಲಿ, ಲಂಡನ್ನಿನ ಆನ್ ಮೌಲ್ಸನ್ ಎಂಬ ಮಹಿಳೆ ಅಮೆರಿಕದ ಹಾರ್ವರ್ಡ್ ಕಾಲೇಜಿಗೆ ಬಡ ವಿದ್ಯಾರ್ಥಿಯ ಓದಿಗೆಂದು 100 ಪೌಂಡ್ ಕೊಟ್ಟರು. ಹಾರ್ವರ್ಡ್‌ನ ಮೊದಲ ವಿದ್ಯಾರ್ಥಿವೇತನ ಅದು. ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲದ ಕಾಲೇಜಿಗೆ ಹೆಣ್ಣುಮಗಳೊಬ್ಬಳು ಕೊಟ್ಟ ದಾನ!

1934ರಲ್ಲಿ ಹಾರ್ವರ್ಡ್ ಅಧ್ಯಕ್ಷ ಜೇಮ್ಸ್ ಕೊನಂಟ್ ರಾಷ್ಟ್ರೀಯ ವಿದ್ಯಾರ್ಥಿವೇತನ ತಂದರು. ಆಯ್ಕೆ ಪ್ರತಿಭೆಯಿಂದ, ಹಣ ಮನೆಯ ಪರಿಸ್ಥಿತಿಗೆ ತಕ್ಕಂತೆ. ಅನುಕೂಲಸ್ಥರ ಮಗನಿಗೂ ಅದೇ ಗೌರವ, ಕೈಗೆ ಬರುವ ಹಣ ಮಾತ್ರ ಕಡಿಮೆ. ಹೀಗಾಗಿ ವಿದ್ಯಾರ್ಥಿವೇತನ ಪಡೆಯುವುದು ಬಡತನದ ಗುರುತಾಗಲಿಲ್ಲ. ಇಲಿನಾಯ್ ರಾಜ್ಯದಿಂದ ಹೀಗೆ ಬಂದ ಜೇಮ್ಸ್ ಟೋಬಿನ್ 1981ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಆಮೇಲೆ ಅಮೆರಿಕ ಸರ್ಕಾರವೂ ಕೈಜೋಡಿಸಿತು: 1944ರಲ್ಲಿ ಯೋಧರ ಓದಿಗಾಗಿ ಜಿ.ಐ. ಕಾಯ್ದೆ, 1972ರಲ್ಲಿ ಬಡ ವಿದ್ಯಾರ್ಥಿಗಳಿಗೆ ಮುಂದೆ ಪೆಲ್ ಗ್ರಾಂಟ್ ಎನಿಸಿಕೊಂಡ ನೆರವು. ಆದರೆ ಶುಲ್ಕ ಏರಿದಂತೆ ವಿದ್ಯಾರ್ಥಿಗಳ ಸಾಲವೂ ಏರಿತು. 2001ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, ಸಾಲದ ಬದಲು ಮರುಪಾವತಿ ಬೇಡದ ಅನುದಾನ ಕೊಡಲು ನಿರ್ಧರಿಸಿತು. 2025ರಲ್ಲಿ ಹಾರ್ವರ್ಡ್, ವರ್ಷಕ್ಕೆ 1 ಲಕ್ಷ ಡಾಲರ್‌ವರೆಗೆ ಆದಾಯವಿರುವ ಸಾಮಾನ್ಯ ಕುಟುಂಬಗಳ ಮಕ್ಕಳಿಗೆ ಶುಲ್ಕ, ವಸತಿ, ಊಟ ಎಲ್ಲವೂ ಉಚಿತವೆಂದು ಸಾರಿತು.

ಹಾಗಾದರೆ ಬಡಮಕ್ಕಳು ಒಳಗೆ ಬಂದರೇ? 2017ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಅಮೆರಿಕದ 38 ಕಾಲೇಜುಗಳಲ್ಲಿ, ಕೆಳಗಿನ ಶೇ. 60ರಷ್ಟು ಜನರ ಮಕ್ಕಳಿಗಿಂತ ತುತ್ತತುದಿಯ ಶೇ. 1ರಷ್ಟು ಸಿರಿವಂತರ ಮಕ್ಕಳೇ ಹೆಚ್ಚಿದ್ದರು.

ಇದರ ಕಾರಣಗಳಲ್ಲೊಂದು ಮಿಷಿಗನ್ ವಿಶ್ವವಿದ್ಯಾಲಯದ ಪ್ರಯೋಗದಿಂದ ಬೆಳಕಿಗೆ ಬಂತು. 2015ರಿಂದ ಅದು ಬಡಮನೆಯ ಜಾಣ ಮಕ್ಕಳಿಗೆ ಕಾಗದ ಬರೆಯಿತು: ನಿಮಗೆ ಸೀಟು ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕವಿಲ್ಲ, ಆದಾಯದ ಅರ್ಜಿ ತುಂಬಬೇಕಿಲ್ಲ. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟು ನೆರವು ಮೊದಲೂ ಸಿಗುತ್ತಿತ್ತು, ಖಾತ್ರಿಯಾಗಿ ಹೇಳಿದವರಿರಲಿಲ್ಲ. ಕಾಗದ ತಲುಪದವರಲ್ಲಿ ಶೇ. 26 ಮಂದಿ ಅರ್ಜಿ ಹಾಕಿದರೆ, ತಲುಪಿದವರಲ್ಲಿ ಶೇ. 68 ಮಂದಿ ಹಾಕಿದರು.

ಖಜಾನೆಯಲ್ಲಿ ಹಣವಿದ್ದರೆ ಸಾಲದು. ‘ನೀನು ಬಾ, ಖರ್ಚು ನಮ್ಮದು’ ಎಂಬ ಮಾತು ಅರ್ಜಿಗೆ ಮುಂಚೆಯೇ ಮನೆ ಮುಟ್ಟಬೇಕು. ನಮ್ಮ ಮಕ್ಕಳಿಗೂ ಇದು ಅನ್ವಯಿಸುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ.ಗಳು ಪದವಿ ಪ್ರವೇಶದಲ್ಲಿ ವಿದೇಶಿ ವಿದ್ಯಾರ್ಥಿಯ ಬಡತನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಯ್ಕೆಯಾದರೆ ಅಗತ್ಯವಿದ್ದಷ್ಟು ನೆರವು ಕೊಡುತ್ತವೆ. ಸೀಟು ಸಿಗುವುದು ಬಲು ಕಷ್ಟ, ನಿಜ. ಆದರೆ ನಿಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಅಂಥ ಜಾಣೆಯೊಬ್ಬಳಿದ್ದರೆ, ಶುಲ್ಕದ ಮೊತ್ತ ಕಂಡು ಅವಳು ಹಿಂದೆ ಸರಿಯುವ ಮೊದಲೇ ಈ ವಿಷಯ ಅವಳಿಗೆ ತಿಳಿಸಿ.