ಬೋಣಿಯ ಹೊತ್ತು

ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಮುಗಿಯಿತು. ಪ್ರಮಾಣಪತ್ರದ ಫೋಟೊ ಸ್ಟೇಟಸ್‌ಗೆ ಹೋಯಿತು, ಅಭಿನಂದನೆಗಳೂ ಬಂದವು. ಇನ್ನು ಸಂಪಾದನೆ ಆಗಬೇಕು. ಅರ್ಜಿ ಹಾಕಿದ ಕಡೆಯೆಲ್ಲ ಅನುಭವ ಎಷ್ಟು ಎಂದು ಕೇಳುತ್ತಾರೆ. ಯಾರೂ ಕೆಲಸವನ್ನೇ ಕೊಡದಿದ್ದರೆ ಅನುಭವ ಬರುವುದೆಲ್ಲಿಂದ? ಸರಿಯಾಗಿ ಈ ಸಂಕಟದ ಹೊತ್ತಿಗೇ ಫೋನಿಗೊಂದು ಮೆಸೇಜು ಬೀಳುತ್ತದೆ: ವಿಡಿಯೊಗಳಿಗೆ ಲೈಕ್ ಒತ್ತಿ ಗಳಿಸಿ, ಮೊದಲು ಸ್ವಲ್ಪ ಠೇವಣಿ ಕಟ್ಟಿ. ಸಂಬಳ ಕೊಡಬೇಕಾದವನೇ ನಮ್ಮ ಹತ್ತಿರ ದುಡ್ಡು ಕೇಳಿದನೆಂದರೆ ಅಲ್ಲಿ ಕೆಲಸ ಇಲ್ಲ. ಕಟ್ಟಿ ಮೋಸ ಹೋಗಿದ್ದರೆ ನಾಚಿಕೊಂಡು ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಿಜವಾದ ಕೆಲಸ ಎಷ್ಟೋ ಸಲ ನಮ್ಮ ಬೀದಿಯಲ್ಲೇ ಇರುತ್ತದೆ. ದಾವಣಗೆರೆಯ ಒಂದು ಬೆಣ್ಣೆದೋಸೆ ಹೋಟೆಲನ್ನು ಊಹಿಸಿಕೊಳ್ಳಿ. ಕಾವಲಿಯ ಮೇಲೆ ಬೆಣ್ಣೆ ಚುರ್ರೆನ್ನುತ್ತದೆ, ಊರಿನವರು ಸಾಲು ನಿಲ್ಲುತ್ತಾರೆ. ಗೂಗಲ್ ಮ್ಯಾಪಿನಲ್ಲಿ ಮಾತ್ರ ಅದು ಹಿಂದಿನ ಓಣಿಯಲ್ಲಿದೆ, ಫೋನ್ ನಂಬರು ಹಳೆಯದು, ರಜೆಯ ದಿನವೂ ತೆರೆದಿದೆ ಎಂದಿದೆ. ಪರಊರಿನವರು ಓಣಿಯಲ್ಲಿ ಸುತ್ತಿ ಸುತ್ತಿ ಸಾಕಾಗಿ ಬೇರೆಲ್ಲೋ ತಿಂದು ಹೋಗುತ್ತಾರೆ. ಕೋರ್ಸ್ ಮುಗಿಸಿದ ಹುಡುಗಿಗೆ ಇದು ಕಾಣುತ್ತದೆ, ಯಜಮಾನರಿಗೆ ಕಾಣುವುದಿಲ್ಲ.

ಸರಿಪಡಿಸಲು ಗೂಗಲ್ ಹಣ ಕೇಳುವುದಿಲ್ಲ. ಹೋಟೆಲ್ ಯಜಮಾನರದ್ದೇ ಎಂಬುದಕ್ಕೆ ಬಹಳ ಸಲ ಒಂದು ವಿಡಿಯೊ ಕೇಳುತ್ತದೆ: ಬೀದಿ, ಬೋರ್ಡು, ಆಮೇಲೆ ಬಾಗಿಲ ಬೀಗ ತೆಗೆಯುವುದೋ ಗಲ್ಲಾ ತೆರೆಯುವುದೋ, ಎಲ್ಲವೂ ಒಂದೇ ಉಸಿರಿನಲ್ಲಿ. ಯಜಮಾನರು ಒಳಗೆ ಹೋಗಿ ಅಂಗಿ ಬದಲಿಸಿ, ತಲೆ ಬಾಚಿಕೊಂಡು ಬರುತ್ತಾರೆ. ಮುಖ ಬೇಡ, ಗಲ್ಲಾ ತೆರೆಯುವ ಕೈ ಸಾಕು ಎಂದು ಅವರಿಗೆ ಹೇಳುವುದು ಕಷ್ಟವೇ.

ಆಮೇಲೆ ಕೇಳುತ್ತಾರೆ: "ಎಷ್ಟಾಗ್ತದವ್ವ?"

ಎಡವುವುದು ಇಲ್ಲೇ. "ಏನೋ ನಿಮಗೆ ತಿಳಿದಷ್ಟು ಕೊಡ್ರಿ ಯಜಮಾನ್ರೆ" ಎಂದುಬಿಡುತ್ತೇವೆ. ಅದನ್ನು ವಿನಯ ಎಂದುಕೊಳ್ಳುತ್ತೇವೆ. ನನಗೇನೋ ಅದು ಲೆಕ್ಕ ಹಾಕುವ ಸೋಮಾರಿತನದಂತೆ ಕಾಣುತ್ತದೆ. 12ನೇ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ ಆಯ್ದು ತಂದ ಅಕ್ಕಿ ಒಂದು ದಿನ ಹೆಚ್ಚಾಗಿತ್ತು, ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಕಳಿಸಿದಳು ಎಂಬ ಕಥೆ ನಮಗೆಲ್ಲ ಗೊತ್ತು. ಅತಿಯಾಸೆ ಬೇಡ ಎನ್ನಲು ಈ ಕಥೆ ಹೇಳುತ್ತೇವೆ. ಮನೆಗೆ ಎಷ್ಟು ಬೇಕೆಂಬ ಅಳತೆ ಲಕ್ಕಮ್ಮನಿಗೆ ಚೆನ್ನಾಗಿ ತಿಳಿದಿತ್ತು ಎನ್ನುವುದನ್ನು ಮರೆಯುತ್ತೇವೆ. ಅಳತೆ ಗೊತ್ತಿಲ್ಲದವಳಿಗೆ ಹೆಚ್ಚಾದದ್ದೂ ತಿಳಿಯುತ್ತಿರಲಿಲ್ಲ. ಹಿಡಿಯುವ ಸಮಯ, ಆಗುವ ಕೆಲಸ, ಅದಕ್ಕಿಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಮೊದಲೇ ಕೊಡಬೇಕು. ಜಾಹೀರಾತಿಗೆಂದು ಯಜಮಾನರು ಬೇರೆ ಹಣ ಕೊಟ್ಟರೆ ಅದರ ಲೆಕ್ಕ ಬೇರೆಯೇ, ಉಳಿದದ್ದು ಅವರದ್ದೇ.

ಕಷ್ಟದ ಪ್ರಶ್ನೆ ಇನ್ನೊಂದಿದೆ. "ನೂರು ಜನರ ಕೈಲಿ ಐದೈದು ಸ್ಟಾರ್ ಹಾಕಿಸವ್ವ, ಹುಡುಕಿದ್ರೆ ನಮ್ದೇ ಫಸ್ಟ್ ಬರಬೇಕು." ಮೊದಲ ಸ್ಥಾನದ ಖಾತ್ರಿ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳುತ್ತದೆ. ದುಡ್ಡು ಕೊಟ್ಟು ಬರೆಸಿದ ಹೊಗಳಿಕೆಗೆ ಅದರ ನಿಯಮದಲ್ಲಿ ಜಾಗವಿಲ್ಲ. ಆನ್‌ಲೈನ್ ಅಭಿಪ್ರಾಯಗಳು ನಂಬುವಂತಿರಲೆಂದೇ ನಮ್ಮ ದೇಶ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ. ಅದಿರಲಿ, ಯಜಮಾನರು ಇದನ್ನೆಲ್ಲ ಓದುವವರಲ್ಲ. ಹುಡುಗಿ ಸುಳ್ಳು ಹೇಳಿದರೂ ಅವರಿಗೆ ತಿಳಿಯುವುದಿಲ್ಲ. ದರ್ಜಿ ತಪ್ಪು ಹೊಲಿದರೆ ತೋಳು ತೂರಿಸಿದ ಕೂಡಲೇ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಗಿರಾಕಿಗೆ ಪರೀಕ್ಷಿಸಲು ಬರುವುದಿಲ್ಲ, ಮೇಲಕ್ಕೇರುವ ಗೆರೆಯೊಂದನ್ನು ತೋರಿಸಿದರೆ ನಂಬಿಬಿಡುತ್ತಾರೆ. ಇಷ್ಟು ಸಾವಿರ ಮಂದಿ ನೋಡಿದರು ಎಂಬ ಲೆಕ್ಕದಲ್ಲಿ ಫೋನು ಸರಿಸುತ್ತಾ ಹಾದುಹೋದವರೂ ಸೇರಿರುತ್ತಾರೆ. ಎಷ್ಟು ಮಂದಿ ಕರೆ ಮಾಡಿದರು, ಎಷ್ಟು ಮಂದಿ ದಾರಿ ಕೇಳಿದರು ಎಂಬ ಸಣ್ಣ ಅಂಕಿಯೂ ಅಲ್ಲೇ ಇದೆ. ಅದನ್ನು ತೋರಿಸುವುದಕ್ಕೆ ಧೈರ್ಯ ಬೇಕು.

ಸುಳ್ಳು ಸ್ಟಾರ್ ಹಾಕಿಸೋದಿಲ್ಲ, ಊಟ ಮಾಡಿ ಹೊರಟವರನ್ನೇ ಬರೀರಿ ಅಂತ ಕೇಳೋಣ ಎಂದರೆ ಯಜಮಾನರು ಒಪ್ಪಬಹುದು. ಎಲ್ಲ ಮಾಡಿಕೊಡುತ್ತೇನೆ ಎನ್ನುವ ಇನ್ನೊಬ್ಬ ಹುಡುಗನಿಗೆ ಕೆಲಸ ಕೊಟ್ಟರೂ ಕೊಟ್ಟರೇ. ಹಾಗಾದರೆ ಬೋಣಿ ಇನ್ನೊಂದು ದಿನ ಮುಂದೆ ಹೋಗುತ್ತದೆ. ಎದುರಿನ ಬಟ್ಟೆ ಅಂಗಡಿಯ ಫೋನ್ ನಂಬರೂ ಮ್ಯಾಪಿನಲ್ಲಿ ತಪ್ಪಾಗಿಯೇ ಇದೆ.