ಮಕ್ಕಳನ್ನು ಆಡಲು ಬಿಡಿ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕರು ಕುಣಿದಾಡಲೆಂದು ಹಗ್ಗ ಬಿಚ್ಚುವ ನಾವೇ, ಹಾಲು ಕರೆಯುವ ಹೊತ್ತಿಗೆ ಮಗು ಹಟ ಮಾಡಿದರೆ ಮೊಬೈಲ್ ಕೊಟ್ಟು ಕೂರಿಸುತ್ತೇವೆ. ಅದೇ ರೂಢಿಯಾಗಿಬಿಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ, 3-4 ವರ್ಷದ ಮಕ್ಕಳು ದಿನಕ್ಕೆ ಒಟ್ಟು 3 ಗಂಟೆಯಾದರೂ ಓಡಾಡಿಕೊಂಡಿರಬೇಕು. ಅದರಲ್ಲಿ 1 ಗಂಟೆ ಉಸಿರು ಜೋರಾಗುವಂತೆ ಆಡಬೇಕು. ಕುಳಿತು ಟಿ.ವಿ., ಮೊಬೈಲ್ ನೋಡುವುದು 1 ಗಂಟೆ ಮೀರಬಾರದು.

ಹಾಲಿನ ಸುಣ್ಣದಂಶ ಮೂಳೆಗೆ ಬೇಕು, ನಿಜ. ಆದರೆ ಓಡಿ, ನೆಗೆದು ಆಡಿದಾಗಲೇ ಮೂಳೆ ಚೆನ್ನಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಖರ್ಚಿಲ್ಲ, ಕುಂಟೆಬಿಲ್ಲೆ, ಮುಟ್ಟಾಟ, ಕಣ್ಣಾಮುಚ್ಚಾಲೆ ಸಾಕು. ಸಂಜೆ ಡೇರಿಗೆ ಹಾಲು ಹಾಕಲು ಹೋಗುವಾಗ ಮಗುವನ್ನು ಕೈಹಿಡಿದು ನಡೆಸಿಕೊಂಡು ಹೋಗಿ. ನೀವು ನಡೆದರೆ ಮಗುವೂ ನಡೆಯುತ್ತದೆ.