ಯಾಕೆ ಎಂದು ಕೇಳಿದವರಿಗೆ



ಇವತ್ತು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಬಹಳ ಮಂದಿ ಮಾನವ ಸಂಪನ್ಮೂಲ ವಿಭಾಗಕ್ಕೆ ಹೋಗುತ್ತಿದ್ದೀರಿ. ಮುಂದಿನ ಸೋಮವಾರವೇ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಳದಿ ಮೆಟ್ರೊ ಹತ್ತಿ ಬೊಮ್ಮಸಂದ್ರದ ಕಡೆ ಹೊರಡುವವರೂ ಇದ್ದೀರಿ. ಅಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕ ನಿಮಗಿಂತ ಮೊದಲೇ ಕೆಲಸಕ್ಕೆ ಸೇರಿರುತ್ತದೆ. ಸಾವಿರ ಬಯೋಡೇಟಾ ಓದಿ ಇಪ್ಪತ್ತನ್ನು ಆರಿಸಿಡುತ್ತದೆ, ಆಫರ್ ಲೆಟರ್ ಬರೆಯುತ್ತದೆ, ರಜೆ ಎಷ್ಟು ಉಳಿದಿದೆ ಎಂದು ನಡುರಾತ್ರಿ ಕೇಳಿದವರಿಗೂ ಉತ್ತರ ಕೊಡುತ್ತದೆ. ಅದು ಬೇಡ ಎನ್ನಲು ನಾನು ಬಂದಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಒಂದೇ ಪತ್ರವನ್ನು ಇನ್ನೂರು ಹೆಸರಿಗೆ ಟೈಪ್ ಮಾಡಿಸುತ್ತಾ ಕಳೆದ ಸಂಜೆಗಳು ನನ್ನ ಮಕ್ಕಳಿಗೆ ಸೇರಬೇಕಿತ್ತು. ನಿಮಗೆ ಆ ಸಂಜೆಗಳು ಉಳಿಯಲಿ.

ಒಂದು ಕೆಲಸವನ್ನು ಮಾತ್ರ ಅದಕ್ಕೆ ವಹಿಸಬೇಡಿ. ಅದನ್ನು ಹೇಳಲು ಒಂದು ಹಳೆಯ ನೋಟಿಸ್ ಬೋರ್ಡಿನ ಹತ್ತಿರ ಹೋಗಬೇಕು.

1974. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ. ಬೋರ್ಡಿನಲ್ಲಿ ಟಾಟಾ ಸಮೂಹದ ಟೆಲ್ಕೊ ಕಂಪನಿಯ ಕೆಲಸದ ಜಾಹೀರಾತು, ಅದರಡಿ ಒಂದು ಸಾಲು: ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ. ಅಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಅಂದರೆ ಮುಂದೆ ಇದೇ ಜಯನಗರದಲ್ಲಿ ನೆಲೆಸಿದ ನಮ್ಮ ಸುಧಾ ಮೂರ್ತಿ, ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್ ಕಾರ್ಡ್ ಬರೆದರು. ಪುಣೆಯಿಂದ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಈ ಕತೆಯನ್ನು ನೀವು ಧೈರ್ಯದ ಕತೆಯಾಗಿ ಕೇಳಿದ್ದೀರಿ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಆ ಅನ್ಯಾಯ ಅಕ್ಷರದಲ್ಲಿತ್ತು. ಬೆರಳಿಟ್ಟು ತೋರಿಸಬಹುದಿತ್ತು. ಯಾಕೆ ಎಂದು ಕೇಳಲು ಒಂದು ವಿಳಾಸವಿತ್ತು.

ನಲವತ್ತು ವರ್ಷ ಕಳೆದ ಮೇಲೆ, 2014ರಲ್ಲಿ, ಅಮೆಜಾನ್ ಕಂಪನಿ ಬಯೋಡೇಟಾಗಳಿಗೆ ಅಂಕ ಹಾಕುವ ಒಂದು ಯಂತ್ರ ಕಟ್ಟತೊಡಗಿತು. ಹತ್ತು ವರ್ಷಗಳಲ್ಲಿ ಬಂದಿದ್ದ ಅರ್ಜಿಗಳನ್ನು ಅದಕ್ಕೆ ಪಾಠ ಮಾಡಿದರು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಯಂತ್ರ ಕಲಿತದ್ದೇನು ಎಂಬುದನ್ನು 2018ರಲ್ಲಿ ರಾಯಿಟರ್ಸ್ ಬರೆಯಿತು. ಬಯೋಡೇಟಾದಲ್ಲಿ 'ಮಹಿಳೆಯರ' ಎಂಬ ಪದ ಕಂಡರೆ ಅಂಕ ಇಳಿಯುತ್ತಿತ್ತು. ಎರಡು ಮಹಿಳಾ ಕಾಲೇಜುಗಳಲ್ಲಿ ಓದಿದವರಿಗೂ ಇಳಿಯುತ್ತಿತ್ತು. ಕಂಪನಿ ಆ ಯಂತ್ರವನ್ನು ಕೈಬಿಟ್ಟಿತು. ಆದರೆ ಯೋಚಿಸಿ: ನಮ್ಮ ಜಯನಗರದ ಮೂರನೇ ಬ್ಲಾಕಿನಲ್ಲಿ ಎನ್‌ಎಂಕೆಆರ್‌ವಿ ಮಹಿಳಾ ಕಾಲೇಜಿದೆ. ಅಲ್ಲಿ ಓದಿದ ಹುಡುಗಿಯ ಬಯೋಡೇಟಾದಲ್ಲಿ ಅಂಥದ್ದೇ ಪದ ಕಾಲೇಜಿನ ಹೆಸರಿನೊಳಗೇ ಕೂತಿದೆ. ಅಂಥ ಯಂತ್ರ ಅವಳನ್ನು ಬಿಟ್ಟರೆ ಅವಳು ಯಾವ ಸಾಲಿಗೆ ಬೆರಳಿಡಬೇಕು? ಪೋಸ್ಟ್ ಕಾರ್ಡ್ ಯಾರಿಗೆ ಬರೆಯಬೇಕು?

ಅವಳು ಬರೆಯಬೇಕಾದದ್ದು ನಿಮಗೆ. ಕಾರಣ ಹೇಳುವ ಕೆಲಸ ನಿಮ್ಮದು. ಅದನ್ನೇ ನಾನು ವಹಿಸಬೇಡಿ ಎಂದದ್ದು.

ನಮ್ಮ ರಾಜ್ಯ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಬಿಟಿಎಂ ಲೇಔಟಿನ ಹೋಟೆಲುಗಳ ಮುಂದೆ ಬೈಕ್ ನಿಲ್ಲಿಸಿಕೊಂಡು ಆರ್ಡರಿಗೆ ಕಾಯುವ ಹುಡುಗರನ್ನು ದಿನಾ ನೋಡುತ್ತೀರಿ. ಅವರಿಗಾಗಿ 2025ರಲ್ಲಿ ಬಂದ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ, ಒಬ್ಬನನ್ನು ತೆಗೆಯಬೇಕಾದರೆ ಸಾಮಾನ್ಯವಾಗಿ 14 ದಿನ ಮೊದಲು ತಿಳಿಸಬೇಕು, ಕಾರಣವನ್ನು ಬರೆದು ಕೊಡಬೇಕು. ಅವರ ಕೆಲಸವನ್ನು ಅಳೆಯುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆಯೂ ಮಾಹಿತಿ ಕೊಡಬೇಕು. ನೀವು ಸೇರುವ ಆಫೀಸಿಗೆ ಈ ಕಾಯ್ದೆ ತಾಗದಿರಬಹುದು. ಆದರೂ ಕೂತು ಓದಿ.

ಈಗ ನಾನೇ ಕಂಡದ್ದು. ಹೊಸೂರು ರಸ್ತೆಯ ಕಡೆಯ ಒಂದು ಗಾರ್ಮೆಂಟ್ ಕಾರ್ಖಾನೆ, ನನ್ನ ಕೊನೆಯ ವರ್ಷಗಳು. ಅಲ್ಲಿಯ ಹೆಣ್ಣುಮಕ್ಕಳಿಗೆ ಪಿ.ಎಫ್. ಹಣ ಎಂದರೆ ಏನು ಎಂದು ತಿಳಿಯಬೇಕಾದರೆ 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಆ ಹಣ ತೆಗೆಯುವುದಕ್ಕೆ ನಿರ್ಬಂಧ ಬಂದಾಗ ಸಾವಿರಾರು ಮಂದಿ ಹೊಲಿಗೆ ಬಿಟ್ಟು ರಸ್ತೆಗೆ ಇಳಿದರು, ಸರ್ಕಾರ ಆದೇಶ ವಾಪಸ್ ಪಡೆಯಿತು. ಅಂಥ ಒಬ್ಬ ಟೈಲರ್ ಊಟದ ಬಿಡುವಿನಲ್ಲಿ ನನ್ನ ಮೇಜಿನ ಹತ್ತಿರ ಬಂದಳು. ತೋಳಿನ ಮೇಲೆ ನೀಲಿ ದಾರದ ಚೂರುಗಳು, ಕೈಯಲ್ಲಿ ಮಗಳ ಕಾಲೇಜು ಫೀಸಿನ ಚೀಟಿ. ಪಿ.ಎಫ್. ಕ್ಲೇಮ್ ಮೂರು ಸಲ ವಾಪಸ್ ಬಂದಿತ್ತು. ನಮ್ಮ ಕಂಪನಿ ಹೊಸದಾಗಿ ತಂದಿದ್ದ ಸಹಾಯಕ ಆ್ಯಪನ್ನು ಕೇಳಿದ್ದಳು. ನಿಮ್ಮ ಕ್ಲೇಮ್ ತಿರಸ್ಕೃತವಾಗಿದೆ, ವಿವರ ಪರಿಶೀಲಿಸಿ ಎಂದು ಅಚ್ಚ ಕನ್ನಡದಲ್ಲಿ ಉತ್ತರ ಬಂದಿತ್ತು. ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

'ನಾನೇನು ತಪ್ಪು ಮಾಡಿದೆ ಮೇಡಂ?' ಎಂದು ಕೇಳಿದಳು.

ಆಧಾರ್ ಕಾರ್ಡನ್ನೂ ಪಿ.ಎಫ್. ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಆಧಾರಿನಲ್ಲಿ ಹೆಸರಿನ ಕೊನೆಗೆ 'ಅಮ್ಮ' ಇತ್ತು. ಪಿ.ಎಫ್. ಖಾತೆಯಲ್ಲಿ ಇರಲಿಲ್ಲ. ಹಳೆಯ ಫೈಲು ತೆಗೆಸಿದೆ. ಹನ್ನೊಂದು ವರ್ಷದ ಹಿಂದೆ, ಅವಳು ಕೆಲಸಕ್ಕೆ ಸೇರಿದ ದಿನ, ಫಾರಂ ತುಂಬಿದ್ದು ನಮ್ಮ ಆಫೀಸು. ಆ 'ಅಮ್ಮ'ನನ್ನು ಬಿಟ್ಟವರು ನಾವು. 'ತಪ್ಪು ನಿನ್ನದಲ್ಲಮ್ಮ, ನಮ್ಮದು' ಎಂದೆ. ಅವಳ ಮುಖ ಸಡಿಲಾಯಿತು. ಹಣ ಆಗಿನ್ನೂ ಬಂದಿರಲಿಲ್ಲ. ಕಾರ್ಮಿಕಳೂ ಕಂಪನಿಯೂ ಸೇರಿ ಕೊಡುವ ಜಂಟಿ ಘೋಷಣೆಗೆ ಇಬ್ಬರೂ ಅಲ್ಲೇ ಸಹಿ ಹಾಕಿದೆವು.

ಹಾಗಾಗಿ ನಿಮ್ಮಲ್ಲಿ ಕೇಳುವುದಿಷ್ಟು. ಯಂತ್ರ ಬೇಡವೆಂದ ಅರ್ಜಿಗಳಲ್ಲಿ ವಾರಕ್ಕೆ ಹತ್ತನ್ನಾದರೂ ತೆರೆದು ನೀವೇ ಓದಿ. ಲೈಂಗಿಕ ಕಿರುಕುಳದ ದೂರು ಬಂದರೆ ಸಾರಾಂಶ ಮಾಡಿಕೊಡು ಎಂದು ಹೊರಗಿನ ಸಹಾಯಕ ಆ್ಯಪಿಗೆ ಅಂಟಿಸಬೇಡಿ. ದೂರು ಕೊಟ್ಟವಳ ಗುರುತನ್ನು ಕಾಪಾಡಿ ಎಂದು 2013ರ ಕಾಯ್ದೆ ನಿಮ್ಮನ್ನು ನಂಬಿ ಹೇಳಿದೆ. ಒಬ್ಬರನ್ನು ಕೆಲಸದಿಂದ ತೆಗೆಯುವ ಪತ್ರವನ್ನು ಅದು ಬರೆದುಕೊಡಲಿ, ಆದರೆ ಎದುರು ಕೂತು ಹೇಳುವವರು ನೀವಾಗಿ.

ಇವತ್ತು ಬೆಳಿಗ್ಗೆ ಬೇಗ ಬಂದಿದ್ದೆ. ಕಾಲೇಜಿನ ಆಫೀಸಿನಲ್ಲಿ ಒಬ್ಬ ಹೆಣ್ಣುಮಗಳು ನಿಮ್ಮ ಪ್ರಮಾಣಪತ್ರಗಳ ಕಟ್ಟು ಮುಂದಿಟ್ಟುಕೊಂಡು, ಪಟ್ಟಿಯ ಮೇಲೆ ಸ್ಕೇಲ್ ಜರುಗಿಸುತ್ತಾ, ಪ್ರತಿ ಹೆಸರನ್ನೂ ಬಾಯಲ್ಲಿ ಹೇಳಿಕೊಂಡು ತಾಳೆ ನೋಡುತ್ತಿದ್ದರು. ಒಂದನ್ನು ಪಕ್ಕಕ್ಕೆ ತೆಗೆದಿಟ್ಟರು. ಯಾಕಮ್ಮ ಎಂದೆ. 'ಒಂದು ದೀರ್ಘ ಬಿಟ್ಟುಹೋಗಿದೆ ಮೇಡಂ, ಮತ್ತೆ ಪ್ರಿಂಟ್ ಹಾಕಿಸ್ತೀನಿ' ಎಂದರು. ನಿಮ್ಮ ಹೆಸರುಗಳನ್ನು ಕರೆಯುವ ಮೊದಲು ಅವರನ್ನೊಮ್ಮೆ ವೇದಿಕೆಗೆ ಕರೆಯಬೇಕೆಂದು ಪ್ರಾಂಶುಪಾಲರಲ್ಲಿ ಕೇಳಿಕೊಳ್ಳುತ್ತೇನೆ.